ಗುತ್ತಿಗೆಯ ಮರೆಯಲ್ಲಿ ಜೀತ: ವೃತ್ತಿಸೇವಾ ಸಂಸ್ಥೆಗಳ ಹೊಣೆಗಾರಿಕೆ

೧

‘ಜೀತ’ವೆಂಬುದು ‘ಜೀವಿತ’ ಶಬ್ದದ ತದ್ಭವ. ಹಿಂದಿನ ಕನ್ನಡದಲ್ಲಿ ಅದಕ್ಕೆ ಬಾಳ್ವೆಗೆ ಆಧಾರವಾದ ಸಂಬಳ, ವೇತನ ಎಂಬ ಅರ್ಥವಿತ್ತು. ಇಂದು ಆ ಪದವನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಸಾಲಕ್ಕೆ ಕಟ್ಟುಬಿದ್ದು, ಒಡೆಯನ ಹೊಲದಲ್ಲಿಯೋ ಕೊಟ್ಟಿಗೆಯಲ್ಲಿಯೋ ಬಿಡುಗಡೆಯ ಆಸೆಯಿಲ್ಲದೆ ದುಡಿಯುವ ಆಳಿನ ಚಿತ್ರವದು. ಕೂಲಿಯನ್ನು ಸೂಚಿಸುತ್ತಿದ್ದ ಮಾತು ಬಂಧನವನ್ನು ಸೂಚಿಸುವ ಮಾತಾದುದು ವಿಚಾರಾರ್ಹವಾದ ಸಂಗತಿ. ದುಡಿಮೆಗೆ ಮೊದಲೇ ಕೈಗೆ ಬಂದ ಹಣವು ದುಡಿಮೆಯಿಂದ ತೀರದಾದಾಗ, ಕೂಲಿಗೂ ಬಂಧನಕ್ಕೂ ನಡುವಣ ಗೆರೆ ಅಳಿಸಿಹೋಗುತ್ತದೆ.

ಈ ಬಂಧನವು ಹಳ್ಳಿಯ ಜಮೀನುಗಳಿಗೂ ಕಲ್ಲುಗಣಿಗಳಿಗೂ ಇಟ್ಟಿಗೆ ಗೂಡುಗಳಿಗೂ ಮಾತ್ರ ಸೇರಿದುದೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ಲೆಕ್ಕಪರಿಶೋಧಕರ, ವಕೀಲರ, ಎಂಜಿನಿಯರಿಂಗ್ ಸಲಹೆಗಾರರ, ವ್ಯವಹಾರ ಸಲಹೆಗಾರರ ಸಂಸ್ಥೆಗಳನ್ನು ಒಟ್ಟಾಗಿ ವೃತ್ತಿಸೇವಾ ಸಂಸ್ಥೆಗಳೆಂದು ಕರೆಯುವುದುಂಟು. ಇವು ಯಾವ ಸರಕನ್ನೂ ತಯಾರಿಸುವುದಿಲ್ಲ. ಇವು ಮಾರುವುದು ತಜ್ಞರ ಅಭಿಪ್ರಾಯವನ್ನು. ಇಂಥ ಸಂಸ್ಥೆಗೂ ದಾಸ್ಯಕ್ಕೂ ಏನು ಸಂಬಂಧವೆಂದು ಕೇಳುವುದು ಸಹಜವೇ. ಆ ಸಂಬಂಧ ಯಾವ ದಾರಿಯಿಂದ ಬರುತ್ತದೆ, ಅದನ್ನು ತಡೆಯಲು ಸಂಸ್ಥೆ ಏನು ಮಾಡಬಲ್ಲುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಮ್ಮ ವಾಣಿಜ್ಯ, ಕಾನೂನು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಸೇರುವುದು ಇಂಥ ಸಂಸ್ಥೆಗಳನ್ನೇ; ಗುತ್ತಿಗೆಯ ಪತ್ರಕ್ಕೆ ರುಜು ಹಾಕುವ ಕೈ ಅವರದಾಗಲಿದೆ.

೨

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳೋಣ. ‘ಆಧುನಿಕ ದಾಸ್ಯ’ವೆಂಬುದು ಹಲವು ಬಗೆಯ ಶೋಷಣೆಗಳನ್ನು ಒಳಕೊಂಡ ಸಮೂಹವಾಚಕ. ಒತ್ತಾಯದ ದುಡಿಮೆ, ಸಾಲದ ಜೀತ, ಮನುಷ್ಯರ ಸಾಗಾಟ, ಬಲವಂತದ ವಿವಾಹ ಮುಂತಾದುವು ಅದರಲ್ಲಿ ಸೇರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೩೦ರ ೨೯ನೆಯ ಒಡಂಬಡಿಕೆಯ ಪ್ರಕಾರ, ಯಾವುದಾದರೊಂದು ದಂಡನೆಯ ಬೆದರಿಕೆಯಿಂದ ಪಡೆದ, ದುಡಿಯುವವನು ಸ್ವಯಿಚ್ಛೆಯಿಂದ ಒಪ್ಪಿಕೊಳ್ಳದ ಕೆಲಸವೇ ಒತ್ತಾಯದ ದುಡಿಮೆ. ಭಾರತವು ಈ ಒಡಂಬಡಿಕೆಯನ್ನು ೧೯೫೪ರಲ್ಲಿ ಅಂಗೀಕರಿಸಿತು. ಸಾಲದ ಜೀತವನ್ನು ಹೆಸರಿಸಿ ನಿಷೇಧಿಸಿದುದು ವಿಶ್ವಸಂಸ್ಥೆಯ ೧೯೫೬ರ ಪೂರಕ ಒಡಂಬಡಿಕೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಅದರ ಸಹಯೋಗಿಗಳೂ ೨೦೨೨ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ೨೦೨೧ರಲ್ಲಿ ಜಗತ್ತಿನಲ್ಲಿ ೪ ಕೋಟಿ ೯೬ ಲಕ್ಷ ಮಂದಿ ಆಧುನಿಕ ದಾಸ್ಯದಲ್ಲಿದ್ದರು. ಅವರಲ್ಲಿ ೨ ಕೋಟಿ ೭೬ ಲಕ್ಷ ಮಂದಿ ಒತ್ತಾಯದ ದುಡಿಮೆಗೆ ಸಿಕ್ಕಿದವರು. ಇವರ ಪೈಕಿಯೂ ೧ ಕೋಟಿ ೭೩ ಲಕ್ಷ ಮಂದಿ ಲೈಂಗಿಕ ವ್ಯಾಪಾರದ ಹೊರಗೆ, ಖಾಸಗಿ ಉದ್ಯಮಗಳಲ್ಲಿ, ಅಂದರೆ ಕಟ್ಟಡ ಕೆಲಸ, ಕಾರ್ಖಾನೆ, ಕೃಷಿ, ಮನೆಗೆಲಸ ಮತ್ತು ಇತರ ಸೇವೆಗಳಲ್ಲಿ ದುಡಿಯುತ್ತಿದ್ದರು. ಸಾಮಾನ್ಯವಾದ ಮಾರುಕಟ್ಟೆಯಲ್ಲಿ, ಸಾಮಾನ್ಯವಾದ ಬೆಲೆಗೆ ನಾವು ಕೊಳ್ಳುವ ಸರಕು ಸೇವೆಗಳಲ್ಲಿಯೇ ಈ ದುಡಿಮೆ ಬೆರೆತಿದೆ ಎಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ದೇಶದಲ್ಲಿ ಸಂವಿಧಾನದ ೨೩ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನೂ ಬಿಟ್ಟಿಯನ್ನೂ ಒತ್ತಾಯದ ದುಡಿಮೆಯನ್ನೂ ನಿಷೇಧಿಸಿದೆ. ೧೯೭೫ರ ಅಕ್ಟೋಬರಿನಲ್ಲಿ ಹೊರಟ ಸುಗ್ರೀವಾಜ್ಞೆಯೂ ಅದರ ಸ್ಥಾನದಲ್ಲಿ ಬಂದ ೧೯೭೬ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯೂ ಜೀತದಾಳುಗಳನ್ನು ಬಿಡುಗಡೆ ಮಾಡಿ, ಅವರ ಜೀತದ ಸಾಲವನ್ನೇ ಇಲ್ಲವಾಗಿಸಿದುವು. ೧೯೮೫ರ ತಿದ್ದುಪಡಿಯು, ಗುತ್ತಿಗೆ ಕಾರ್ಮಿಕನಾಗಲಿ ಹೊರರಾಜ್ಯದಿಂದ ವಲಸೆ ಬಂದ ಕಾರ್ಮಿಕನಾಗಲಿ ಕಾಯಿದೆ ಹೇಳುವ ಸ್ಥಿತಿಯಲ್ಲಿದ್ದರೆ ಅವನೂ ಜೀತದಾಳೇ ಎಂಬುದನ್ನು ಸ್ಪಷ್ಟಪಡಿಸಿತು. ನಮ್ಮ ಪ್ರಸ್ತುತ ವಿಷಯಕ್ಕೆ ಈ ತಿದ್ದುಪಡಿ ಬಹು ಮುಖ್ಯವಾದುದು. ಜೀತದಾಳು ಜಮೀನಿನಲ್ಲಿಯೇ ಇರಬೇಕಾಗಿಲ್ಲ. ಕಚೇರಿಯ ನೆಲವನ್ನು ಒರೆಸುತ್ತಲೂ ಇರಬಹುದು.

೩

ವೃತ್ತಿಸೇವಾ ಸಂಸ್ಥೆಗಳು ಈ ಪ್ರಶ್ನೆಯನ್ನು ಎದುರಿಸುವಂತೆ ಮಾಡಿದುದು ಮುಖ್ಯವಾಗಿ ಬ್ರಿಟನ್ನಿನ ೨೦೧೫ರ ಆಧುನಿಕ ದಾಸ್ಯ ಕಾಯಿದೆ. ಅದಕ್ಕೆ ಮುಂಚೆ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೦ರಲ್ಲಿ ಇಂಥದೇ ಒಂದು ಕಾಯಿದೆಯನ್ನು ಮಾಡಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ದೊಡ್ಡ ಚಿಲ್ಲರೆ ವ್ಯಾಪಾರಿಗಳಿಗೂ ತಯಾರಕರಿಗೂ ಮಾತ್ರ. ಬ್ರಿಟಿಷ್ ಕಾಯಿದೆಯ ೫೪ನೆಯ ವಿಧಿಯು ಸರಕಿನ ಜತೆಗೆ ಸೇವೆಯನ್ನೂ ಸೇರಿಸಿತು. ಬ್ರಿಟನ್ನಿನಲ್ಲಿ ವ್ಯವಹರಿಸುವ, ವಾರ್ಷಿಕ ವಹಿವಾಟು ೩ ಕೋಟಿ ೬೦ ಲಕ್ಷ ಪೌಂಡು ಅಥವಾ ಅದಕ್ಕೆ ಮೀರಿದ ಪ್ರತಿಯೊಂದು ವಾಣಿಜ್ಯ ಸಂಸ್ಥೆಯೂ, ತನ್ನ ವ್ಯವಹಾರದಲ್ಲಿಯೂ ಸರಬರಾಜಿನ ಸರಪಳಿಯಲ್ಲಿಯೂ ದಾಸ್ಯ ಇಲ್ಲದಂತೆ ನೋಡಿಕೊಳ್ಳಲು ಕೈಗೊಂಡ ಕ್ರಮಗಳನ್ನು ಪ್ರತಿವರ್ಷ ಹೇಳಿಕೆಯ ರೂಪದಲ್ಲಿ ಪ್ರಕಟಿಸಬೇಕು. ಆ ಹೇಳಿಕೆಗೆ ಆಡಳಿತ ಮಂಡಲಿಯ ಒಪ್ಪಿಗೆಯೂ ನಿರ್ದೇಶಕನ ರುಜುವೂ ಬೇಕು. ಪಾಲುಗಾರಿಕೆಯ ಸಂಸ್ಥೆಗಳಲ್ಲಿ ಪಾಲುದಾರನ ರುಜು ಬೇಕು. ದೊಡ್ಡ ವಕೀಲ ಸಂಸ್ಥೆಗಳೂ ಲೆಕ್ಕಪರಿಶೋಧಕ ಸಂಸ್ಥೆಗಳೂ ಈ ಮಿತಿಯೊಳಗೆ ಬಂದುದು ಹೀಗೆ. ಆಸ್ಟ್ರೇಲಿಯದ ೨೦೧೮ರ ಕಾಯಿದೆಯು ವಾರ್ಷಿಕ ೧೦ ಕೋಟಿ ಆಸ್ಟ್ರೇಲಿಯನ್ ಡಾಲರುಗಳಿಗೆ ಕಡಮೆಯಿಲ್ಲದ ಆದಾಯವುಳ್ಳ ಸಂಸ್ಥೆಗಳ ಮೇಲೆ ಇಂಥದೇ ಕರ್ತವ್ಯವನ್ನು ಹೊರಿಸಿತು. ಭಾರತದಲ್ಲಿ ಸೆಬಿಯು ೨೦೨೨-೨೩ರಿಂದ ಷೇರುಪೇಟೆಯ ಅಗ್ರ ೧೦೦೦ ಕಂಪೆನಿಗಳಿಗೆ ಕಡ್ಡಾಯಗೊಳಿಸಿದ ಹೊಣೆಗಾರಿಕೆಯ ವರದಿಯಲ್ಲಿ ಒತ್ತಾಯದ ದುಡಿಮೆಯ ಬಗೆಗೂ ಪ್ರಶ್ನೆಗಳಿವೆ.

ಈ ಕಾಯಿದೆಗಳ ಇತಿಮಿತಿಯನ್ನೂ ತಿಳಿದಿರಬೇಕು. ಬ್ರಿಟಿಷ್ ಕಾಯಿದೆಯ ಮೇರೆಗೆ ಸಂಸ್ಥೆಯೊಂದು ‘ನಾವು ಯಾವ ಕ್ರಮವನ್ನೂ ಕೈಗೊಂಡಿಲ್ಲ’ ಎಂದು ಬರೆದರೂ ಹೇಳಿಕೆ ಕೊಟ್ಟಂತೆಯೇ ಆಗುತ್ತದೆ. ಹೇಳಿಕೆ ಕೊಡದವರ ಮೇಲೆ ಸರ್ಕಾರವು ಉಚ್ಚ ನ್ಯಾಯಾಲಯದಿಂದ ಆಜ್ಞೆ ತರಬಹುದು. ತಪ್ಪಿದೊಡನೆ ತೆರಬೇಕಾದ ಜುಲ್ಮಾನೆಯನ್ನು ೫೪ನೆಯ ವಿಧಿ ಗೊತ್ತುಮಾಡಿಲ್ಲ. ಪ್ರಕಟಣೆಯಿಂದ ಲೋಕದ ಕಣ್ಣು ಸಂಸ್ಥೆಯ ಮೇಲೆ ಬೀಳುತ್ತದೆ. ಆ ಭಯದಿಂದ ನಡತೆ ಸುಧಾರಿಸುತ್ತದೆ ಎಂಬುದು ಕಾಯಿದೆಯ ತರ್ಕ. ಆದರೆ ಹೇಳಿಕೆಯನ್ನು ಚೆನ್ನಾಗಿ ಬರೆಯುವುದೇ ವೃತ್ತಿಸೇವಾ ಸಂಸ್ಥೆಗಳ ಕಸುಬು. ಹೇಳಿಕೆಯ ಅಂದವೊಂದರಿಂದಲೇ ಅವುಗಳ ನಡತೆಯನ್ನು ಅಳೆಯಲಾಗದು.

೪

ಸಂಸ್ಥೆಯೊಂದರ ವ್ಯವಹಾರವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿಕೊಂಡರೆ ಅಪಾಯದ ಸ್ಥಾನಗಳು ಗೋಚರವಾಗುತ್ತವೆ.

ಮೊದಲನೆಯದು ಸಂಸ್ಥೆಯ ಸ್ವಂತ ನೌಕರರ ವಲಯ. ವಿದ್ಯಾವಂತರಾದ ಈ ನೌಕರರಿಗೆ ಬೇರೆ ಕೆಲಸ ಹುಡುಕಿಕೊಳ್ಳುವ ಶಕ್ತಿಯಿರುವುದರಿಂದ ಇಲ್ಲಿ ಅಪಾಯ ಕಡಮೆ. ಆದರೂ ನೇಮಕದ ಕಾಲದಲ್ಲಿ ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಇರಿಸಿಕೊಳ್ಳುವ ರೂಢಿ ಕೆಲವೆಡೆ ಇದೆ. ಗುರುತಿನ ದಾಖಲೆಗಳನ್ನು ವಶದಲ್ಲಿಟ್ಟುಕೊಳ್ಳುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಒತ್ತಾಯದ ದುಡಿಮೆಯ ಹನ್ನೊಂದು ಸೂಚನೆಗಳಲ್ಲಿ ಒಂದಾಗಿ ಎಣಿಸಿದೆಯೆಂಬುದನ್ನು ನೆನೆದರೆ ಇಂಥ ರೂಢಿಯನ್ನು ಹಗುರವಾಗಿ ಕಾಣುವಂತಿಲ್ಲ.

ಎರಡನೆಯದು ಕೊಂಡುಕೊಂಡ ಸೇವೆಗಳ ವಲಯ: ಕಾವಲು, ಕಸಗುಡಿಕೆ, ಅಡಿಗೆ, ಸಾರಿಗೆ, ಕಟ್ಟಡದ ದುರಸ್ತಿ. ಈ ಕೆಲಸಗಾರರು ಪ್ರತಿದಿನ ಸಂಸ್ಥೆಯ ಕಟ್ಟಡದೊಳಗೇ ಇರುತ್ತಾರೆ, ಆದರೆ ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಕಲಬುರಗಿ, ರಾಯಚೂರು, ಯಾದಗಿರಿಗಳ ಕಡೆಯಿಂದಲೂ ಒಡಿಶಾ, ಅಸ್ಸಾಂ ಮುಂತಾದ ದೂರದ ರಾಜ್ಯಗಳಿಂದಲೂ ಬಂದವರು ಈ ಕೆಲಸಗಳಲ್ಲಿದ್ದಾರೆ. ಅವರನ್ನು ಕರೆತಂದವರು ಯಾರು, ಕರೆತರುವಾಗ ಏನು ಕೊಟ್ಟರು, ಏನು ಪಡೆದರು ಎಂಬುದನ್ನು ಕಚೇರಿಯ ಒಡೆಯರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ಮೂರನೆಯದು ಸರಕುಗಳ ವಲಯ. ಕಂಪ್ಯೂಟರುಗಳು, ಸಮವಸ್ತ್ರ, ಚಹಾ, ಕಟ್ಟಡದ ಇಟ್ಟಿಗೆ ಇವೆಲ್ಲ ದೂರದಲ್ಲಿ ಹುಟ್ಟುವಂಥವು. ಮಲೇಷ್ಯಾದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ೫೦೧ ಕಾರ್ಮಿಕರನ್ನು ಸಂದರ್ಶಿಸಿ ವೆರಿಟೆ ಎಂಬ ಸಂಸ್ಥೆ ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡ ೨೮ರಷ್ಟು ಮಂದಿ ಒತ್ತಾಯದ ದುಡಿಮೆಯ ಸ್ಥಿತಿಯಲ್ಲಿದ್ದುದು ಕಂಡುಬಂದಿತು. ಇದರ ಬೇರು ಬಹುಮಟ್ಟಿಗೆ, ಕೆಲಸ ಪಡೆಯಲು ದಲ್ಲಾಳಿಗಳಿಗೆ ತೆತ್ತ ಶುಲ್ಕದ ಸಾಲದಲ್ಲಿತ್ತು. ಇತ್ತ ಪಶ್ಚಿಮ ಒಡಿಶಾದ ಬಲಾಂಗೀರ್ ಮೊದಲಾದ ಜಿಲ್ಲೆಗಳಿಂದ ‘ದಾದನ್’ ಎಂಬ ಮುಂಗಡ ಪಡೆದು ದಕ್ಷಿಣದ ಇಟ್ಟಿಗೆ ಗೂಡುಗಳಿಗೆ ಬರುವ ಕುಟುಂಬಗಳ ಕಥೆಯೂ ಇದೇ ಜಾತಿಯದು.

ನಾಲ್ಕನೆಯದು ಕಕ್ಷಿದಾರರ ವಲಯ. ಸಂಸ್ಥೆಯು ಯಾರ ಲೆಕ್ಕವನ್ನು ಪರಿಶೋಧಿಸುತ್ತದೆ, ಯಾರಿಗೆ ಒಪ್ಪಂದ ಬರೆದುಕೊಡುತ್ತದೆ, ಯಾವ ಕಟ್ಟಡದ ನಕ್ಷೆ ಹಾಕುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಲಿಯು ೨೦೧೧ರಲ್ಲಿ ಅನುಮೋದಿಸಿದ ಮಾರ್ಗದರ್ಶಿ ಸೂತ್ರಗಳ ಪ್ರಕಾರ, ಉದ್ಯಮವೊಂದು ಹಾನಿಗೆ ತಾನೇ ಕಾರಣವಾಗಬಹುದು, ಹಾನಿಗೆ ನೆರವಾಗಬಹುದು, ಇಲ್ಲವೆ ತನ್ನ ವ್ಯವಹಾರ ಸಂಬಂಧದ ಮೂಲಕ ಹಾನಿಯೊಡನೆ ನೇರವಾಗಿ ತಳುಕು ಹಾಕಿಕೊಂಡಿರಬಹುದು. ಈ ಮೂರೂ ಬಗೆಗಳಲ್ಲಿ ಹೊಣೆ ಇದ್ದೇ ಇದೆ. ಅದರ ಪ್ರಮಾಣ ಮಾತ್ರ ಬೇರೆ ಬೇರೆ.

೫

ಈ ನಾಲ್ಕು ವಲಯಗಳಲ್ಲಿಯೂ ಮತ್ತೆ ಮತ್ತೆ ತಲೆದೋರುವ ಸಂಗತಿ ಸಾಲ. ಸಾಲವು ಸರಪಳಿಯ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದನ್ನು ಕಲ್ಪಿತವಾದ ಒಂದು ಲೆಕ್ಕದಿಂದ ತಿಳಿಯಬಹುದು. ಒಬ್ಬನು ಕೆಲಸ ಕೊಡಿಸುವ ಮೇಸ್ತ್ರಿಗೆ ತೆರಲು ೫೦,೦೦೦ ರೂಪಾಯಿಗಳನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ ತಂದನೆಂದು ಭಾವಿಸೋಣ. ತಿಂಗಳ ಬಡ್ಡಿ ೧,೫೦೦ ರೂಪಾಯಿ. ಊಟ, ವಸತಿ, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಅವನ ಕೈಯಲ್ಲಿ ಉಳಿಯುವುದು ೧,೫೦೦ ರೂಪಾಯಿಯೇ ಆದರೆ, ಹತ್ತು ವರ್ಷ ದುಡಿದರೂ ಅಸಲಿನಲ್ಲಿ ಒಂದು ಕಾಸೂ ಕಡಮೆಯಾಗದು. ಎರಡು ತಿಂಗಳು ಸಂಬಳ ತಡವಾದರೆ ೩,೦೦೦ ರೂಪಾಯಿ ಬಾಕಿ ಬೆಳೆಯುತ್ತದೆ. ಅವನನ್ನು ಕೂಡಿಹಾಕಲು ಬೀಗವೂ ಬೇಡ, ಕಾವಲೂ ಬೇಡ. ಕೆಲಸ ಬಿಟ್ಟರೆ ಬಡ್ಡಿಗೂ ದಾರಿಯಿಲ್ಲ. ಊರಿನಲ್ಲಿರುವ ಮನೆಯ ಮೇಲೆ ಸಾಲಗಾರನ ಕಣ್ಣಿದೆ. ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯಲ್ಲಿ ತಂದೆಯ ಸಾಲ ತೀರಿಸಲೆಂದು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವುದನ್ನು ಓದಿದವರಿಗೆ ಈ ಗಣಿತ ಹೊಸದಲ್ಲ.

ಸಂಬಳ ತಡವಾಗುವುದು ಏಕೆಂಬುದನ್ನೂ ಇಲ್ಲಿಯೇ ಕೇಳಬೇಕು. ಕಚೇರಿಯು ಗುತ್ತಿಗೆದಾರನ ಬಿಲ್ಲನ್ನು ತೊಂಬತ್ತು ದಿನಗಳ ತರುವಾಯ ಪಾವತಿ ಮಾಡುವ ಷರತ್ತು ಹಾಕಿದ್ದರೆ, ಸಣ್ಣ ಬಂಡವಾಳದ ಗುತ್ತಿಗೆದಾರ ಆ ಭಾರವನ್ನು ತನ್ನ ಆಳುಗಳ ಮೇಲೆ ವರ್ಗಾಯಿಸುತ್ತಾನೆ. ಅಂದಮೇಲೆ ಮೇಲ್ಕಂಡ ೩,೦೦೦ ರೂಪಾಯಿಯ ಬಾಕಿಗೆ ಕಚೇರಿಯ ಹಣಕಾಸು ವಿಭಾಗದ ಒಂದು ನಿಯಮವೇ ಕಾರಣವಾಗಿರಬಹುದು.

೬

ಗುತ್ತಿಗೆದಾರನ ತಪ್ಪಿಗೆ ಕೆಲಸ ಮಾಡಿಸಿಕೊಂಡವನು ಹೊಣೆಯೇ? ಈ ಪ್ರಶ್ನೆಗೆ ಭಾರತದ ಸರ್ವೋಚ್ಚ ನ್ಯಾಯಾಲಯವು ಬ್ರಿಟಿಷ್ ಕಾಯಿದೆಗೆ ಮೂವತ್ತಮೂರು ವರ್ಷ ಮೊದಲೇ ಉತ್ತರ ಹೇಳಿತು. ೧೯೮೨ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣಗಳೂ ಮೇಲುಸೇತುವೆಗಳೂ ಏಳುತ್ತಿದ್ದ ಕಾಲವದು. ಕಾಮಗಾರಿಗಳು ಸರ್ಕಾರದವು, ಕಟ್ಟಿಸುವವರು ಗುತ್ತಿಗೆದಾರರು, ಆಳುಗಳನ್ನು ಒದಗಿಸುವವರು ಜಮಾದಾರರು. ಮೂವರು ಸಮಾಜವಿಜ್ಞಾನಿಗಳು ಆ ಸ್ಥಳಗಳಲ್ಲಿ ವಿಚಾರಣೆ ನಡೆಸಿ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ ‘ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್’ ಸಂಘವು ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಪತ್ರ ಬರೆಯಿತು. ಆ ಪತ್ರವನ್ನೇ ನ್ಯಾಯಾಲಯ ಅರ್ಜಿಯಾಗಿ ಸ್ವೀಕರಿಸಿತು.

ಕಾಗದದ ಮೇಲೆ ದಿನಗೂಲಿ ೯ ರೂಪಾಯಿ ೨೫ ಪೈಸೆ. ಅದೇ ಕನಿಷ್ಠ ಕೂಲಿ. ಅದರಲ್ಲಿ ಜಮಾದಾರನು ತನ್ನ ದಲ್ಲಾಳಿಗೆಂದು ಆಳೊಂದಕ್ಕೆ ದಿನಕ್ಕೆ ಒಂದು ರೂಪಾಯಿಯಂತೆ ಮುರಿದುಕೊಳ್ಳುತ್ತಿದ್ದ. ಕೆಲಸಗಾರನ ಕೈಗೆ ಬರುತ್ತಿದ್ದುದು ೮ ರೂಪಾಯಿ ೨೫ ಪೈಸೆ. ಈ ಒಂದು ರೂಪಾಯಿಯ ಮೇಲೆಯೇ ತೀರ್ಪಿನ ವಾದ ನಿಂತಿತು. ಹಸಿವೂ ಬಡತನವೂ ಬೇರೆ ದಾರಿಯನ್ನೇ ಉಳಿಸದೆ ಇದ್ದಾಗ ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಯಲು ಒಪ್ಪುವುದು ಸ್ವಯಿಚ್ಛೆಯೆನಿಸದು. ಆರ್ಥಿಕ ಸನ್ನಿವೇಶದ ಒತ್ತಾಯವೂ ಒತ್ತಾಯವೇ. ಅಂಥ ದುಡಿಮೆಯು ೨೩ನೆಯ ಅನುಚ್ಛೇದ ನಿಷೇಧಿಸಿದ ಒತ್ತಾಯದ ದುಡಿಮೆಯಾಗುತ್ತದೆ ಎಂದು ನ್ಯಾಯಾಲಯ ನಿರ್ಣಯಿಸಿತು. ಈ ಅನುಚ್ಛೇದವು ಸರ್ಕಾರದ ಮೇಲಷ್ಟೇ ಅಲ್ಲದೆ ಖಾಸಗಿಯವರ ಮೇಲೂ ಚಲಾಯಿಸತಕ್ಕದ್ದೆಂದೂ, ಗುತ್ತಿಗೆದಾರರ ಕಡೆ ಬೆರಳು ತೋರಿ ಕಾಮಗಾರಿಯ ಒಡೆಯರು ಜಾರಿಕೊಳ್ಳುವಂತಿಲ್ಲವೆಂದೂ ಅದು ಹೇಳಿತು. ಮರುವರ್ಷ ಹರಿಯಾಣದ ಫರೀದಾಬಾದಿನ ಕಲ್ಲುಗಣಿಗಳ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಒತ್ತಾಯದ ದುಡಿಮೆ ರುಜುವಾತಾದರೆ ಅದು ಮುಂಗಡದ ಕಾರಣದಿಂದಲೇ ನಡೆದಿದೆಯೆಂದು ಭಾವಿಸಿ, ಅಲ್ಲವೆಂದು ತೋರಿಸುವ ಭಾರವನ್ನು ಎದುರುಪಕ್ಷದ ಮೇಲೆ ಹಾಕಬೇಕೆಂದು ವಿಧಿಸಿತು.

ಗುತ್ತಿಗೆದಾರನು ಕೂಲಿ ಕೊಡಲು ತಪ್ಪಿದರೆ ಪ್ರಧಾನ ನಿಯೋಜಕನೇ ಕೊಡಬೇಕೆಂಬ ನಿಯಮ ೧೯೭೦ರ ಗುತ್ತಿಗೆ ಕಾರ್ಮಿಕ ಕಾಯಿದೆಯಲ್ಲಿಯೇ ಇತ್ತು. ಆ ಕಾಯಿದೆಯ ಸ್ಥಾನದಲ್ಲಿ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ೨೦೨೦ರ ವೃತ್ತಿಸುರಕ್ಷತೆ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಆದಕಾರಣ ನಮ್ಮ ದೇಶದಲ್ಲಿ ಇದು ಸಂಸ್ಥೆಯ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ನ್ಯಾಯದತ್ತವಾದ ಕರ್ತವ್ಯ.

೭

ಹಾಗಿದ್ದರೆ ಸರಬರಾಜುದಾರರನ್ನು ತಪಾಸಣೆಗೆ ಒಳಪಡಿಸಿದರೆ ಸಾಲದೇ ಎಂದು ಕೇಳಬಹುದು. ತಪಾಸಣೆಯೇ ವೃತ್ತಿಸೇವಾ ಸಂಸ್ಥೆಗಳ ಕಸುಬಾದುದರಿಂದ ಅವು ಮೊದಲು ನೆಚ್ಚುವುದೂ ಅದನ್ನೇ. ಆದರೆ ಅನುಭವ ಎಚ್ಚರಿಕೆ ಹೇಳುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರಿನ ಹಾಸಿಗೆ ಕಾರ್ಖಾನೆಯೊಂದರಲ್ಲಿ ಸಾಗಾಟಕ್ಕೆ ಒಳಗಾದ ಹಂಗೆರಿಯ ಕಾರ್ಮಿಕರನ್ನು ದುಡಿಸಿಕೊಂಡುದಕ್ಕಾಗಿ ಅದರ ಮಾಲೀಕನಿಗೆ ೨೦೧೬ರಲ್ಲಿ ಸೆರೆವಾಸವಾಯಿತು. ಆ ಕಾರ್ಖಾನೆ ಹೆಸರಾಂತ ಅಂಗಡಿಗಳಿಗೆ ಸರಕು ಒದಗಿಸುತ್ತಿತ್ತು, ತಪಾಸಣೆಗಳೂ ನಡೆದಿದ್ದುವು, ದಾಸ್ಯ ಮಾತ್ರ ತಪಾಸಣೆಗಾರರ ಕಣ್ಣಿಗೆ ಬೀಳಲಿಲ್ಲ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಉಡುಪಿನ ಕಾರ್ಖಾನೆಯಲ್ಲಿ ೨೦೧೨ರ ಸೆಪ್ಟೆಂಬರ್ ೧೧ರಂದು ಬೆಂಕಿ ಬಿದ್ದು ೨೫೦ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ವಾರಗಳ ಹಿಂದೆ ಅದಕ್ಕೆ ‘ಎಸ್‌ಎ ೮೦೦೦’ ಎಂಬ ಸಾಮಾಜಿಕ ಹೊಣೆಗಾರಿಕೆಯ ಪ್ರಮಾಣಪತ್ರ ದೊರೆತಿತ್ತು.

ತಪಾಸಣೆ ಸೋಲುವ ಕಾರಣಗಳು ಸ್ಪಷ್ಟ. ಬರುವ ದಿನ ಮೊದಲೇ ಗೊತ್ತಿರುತ್ತದೆ. ತಪಾಸಣೆಗಾರನ ಶುಲ್ಕವನ್ನು ಹಲವು ವೇಳೆ ತಪಾಸಣೆಗೆ ಒಳಗಾಗುವವನೇ ಕೊಡುತ್ತಾನೆ. ನೋಡುವುದು ಕಾಗದಗಳನ್ನು; ಕಾಗದದಲ್ಲಿ ೯ ರೂಪಾಯಿ ೨೫ ಪೈಸೆಯೇ ಇರುತ್ತದೆ, ಜಮಾದಾರ ಮುರಿದುಕೊಂಡ ರೂಪಾಯಿ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಕೆಲಸಗಾರರನ್ನು ಮಾತನಾಡಿಸಿದರೂ ಮೇಸ್ತ್ರಿಯ ಎದುರಿನಲ್ಲಿ, ಅವರದಲ್ಲದ ಭಾಷೆಯಲ್ಲಿ ಮಾತನಾಡಿಸುವುದೇ ಹೆಚ್ಚು.

೮

ಆದ್ದರಿಂದ ತಡೆಗಟ್ಟುವ ಕೆಲಸವು ಕೊಳ್ಳುವವನ ಸ್ವಂತ ನಡತೆಯಿಂದ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ. ಅದರ ಮುಖ್ಯ ಹೆಜ್ಜೆಗಳನ್ನು ಹೀಗೆ ನಿರೂಪಿಸಬಹುದು.

ಮೊದಲನೆಯದಾಗಿ, ದರಪಟ್ಟಿಯನ್ನು ಓದಬೇಕು. ಹಗಲೂ ರಾತ್ರಿಯೂ ಒಂದು ಬಾಗಿಲನ್ನು ಕಾಯಬೇಕಾದರೆ ವಾರಕ್ಕೆ ೧೬೮ ಗಂಟೆಗಳಾದುವು. ಒಬ್ಬನು ವಾರಕ್ಕೆ ೪೮ ಗಂಟೆ ದುಡಿದರೆ ಮೂರೂವರೆ ಆಳು ಬೇಕು. ಗುತ್ತಿಗೆದಾರನೊಬ್ಬನು ಇಬ್ಬರಿಂದಲೇ ಈ ಕೆಲಸ ಮಾಡಿಸುವೆನೆಂದು ಕಡಮೆ ದರ ಸೂಚಿಸಿದನೆನ್ನೋಣ. ಆಗ ಒಬ್ಬೊಬ್ಬನೂ ವಾರಕ್ಕೆ ೮೪ ಗಂಟೆ ದುಡಿಯಬೇಕು. ಅದರಲ್ಲಿ ೩೬ ಗಂಟೆ ಹೆಚ್ಚುವರಿ. ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿಯೆಂಬುದು ಕಾನೂನು. ಅಂದರೆ ಒಬ್ಬನಿಗೆ ೧೨೦ ಗಂಟೆಗಳ, ಇಬ್ಬರಿಗೆ ೨೪೦ ಗಂಟೆಗಳ ಕೂಲಿ ಸಲ್ಲಬೇಕು. ಮೂರೂವರೆ ಆಳಿನ ಏರ್ಪಾಟಿನಲ್ಲಿ ಸಲ್ಲಬೇಕಾದುದು ೧೬೮ ಗಂಟೆಗಳ ಕೂಲಿ. ನ್ಯಾಯವಾಗಿ ಕೊಟ್ಟರೆ ಇಬ್ಬರ ಏರ್ಪಾಟೇ ದುಬಾರಿ. ಅದು ಅಗ್ಗವಾಗಿ ಬಂದಿದೆಯೆಂದರೆ ಸಲ್ಲತಕ್ಕ ಕೂಲಿ ಸಲ್ಲುತ್ತಿಲ್ಲವೆಂಬುದು ದರಪಟ್ಟಿಯ ಮೇಲೆಯೇ ಬರೆದಂತಿದೆ. ಇದನ್ನು ಕಾಣಲು ತಪಾಸಣೆಗಾರನೂ ಬೇಡ. ಇಷ್ಟು ಗುಣಾಕಾರ ಮಾಡುವ ಮನಸ್ಸಿದ್ದರೆ ಸಾಕು.

ಎರಡನೆಯದಾಗಿ, ಕೆಲಸಗಾರನು ಈ ಕೆಲಸಕ್ಕೆ ಬರಲು ಯಾರಿಗೆ ಎಷ್ಟು ಕೊಟ್ಟ, ಯಾರಿಂದ ಎಷ್ಟು ಪಡೆದ ಎಂದು ಕೇಳಬೇಕು. ಖಾಸಗಿ ಉದ್ಯೋಗ ಏಜೆನ್ಸಿಗಳು ಕಾರ್ಮಿಕರಿಂದ ಶುಲ್ಕ ಪಡೆಯಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೯೭ರ ೧೮೧ನೆಯ ಒಡಂಬಡಿಕೆಯ ಸಾಮಾನ್ಯ ನಿಯಮ. ನೇಮಕದ ವೆಚ್ಚವನ್ನು ನೇಮಿಸಿಕೊಳ್ಳುವವನೇ ಭರಿಸಬೇಕೆಂದು ಒಪ್ಪಂದದಲ್ಲಿ ಬರೆದು, ಆ ವೆಚ್ಚಕ್ಕೆ ದರದಲ್ಲಿ ಅವಕಾಶವನ್ನೂ ಕೊಡಬೇಕು. ಅವಕಾಶ ಕೊಡದೆ ಷರತ್ತು ಮಾತ್ರ ಬರೆದರೆ, ಆ ವೆಚ್ಚ ಮತ್ತೆ ಕೆಲಸಗಾರನ ತಲೆಯ ಮೇಲೆಯೇ ಬೀಳುತ್ತದೆ.

ಮೂರನೆಯದಾಗಿ, ಬಿಲ್ಲನ್ನು ಸಕಾಲದಲ್ಲಿ ಪಾವತಿ ಮಾಡಿ, ಕೂಲಿಯು ಮಧ್ಯವರ್ತಿಯ ಕೈಹಾಯದೆ ಕೆಲಸಗಾರನ ಖಾತೆಗೇ ಸೇರುವಂತೆ ನೋಡಿಕೊಳ್ಳಬೇಕು. ಆ ಖಾತೆಯ ಕಾರ್ಡು ಮೇಸ್ತ್ರಿಯ ಜೇಬಿನಲ್ಲಿಲ್ಲವೆಂಬುದನ್ನೂ ವಿಚಾರಿಸಬೇಕು. ನಾಲ್ಕನೆಯದಾಗಿ, ಕೆಲಸಗಾರರು ಬಲ್ಲ ಭಾಷೆಯಲ್ಲಿ, ಹೆಸರು ಬಯಲಾಗದಂತೆ ದೂರು ಹೇಳಿಕೊಳ್ಳುವ ದಾರಿಯಿರಬೇಕು. ಅವರು ಸಂಘ ಕಟ್ಟಿಕೊಂಡರೆ ಅದನ್ನು ಅಡ್ಡಿಯೆಂದು ಭಾವಿಸದೆ, ಸಂಸ್ಥೆಗೆ ಸತ್ಯ ತಿಳಿಸುವ ಮಾರ್ಗವೆಂದು ಗೌರವಿಸಬೇಕು.

ಐದನೆಯದಾಗಿ, ದೋಷ ಕಂಡಾಗ ಗುತ್ತಿಗೆಯನ್ನು ಆ ಕ್ಷಣವೇ ಕಡಿದುಹಾಕುವುದು ಪರಿಹಾರವೆನಿಸದು. ಹಾಗೆ ಮಾಡಿದರೆ ಸಂಸ್ಥೆಯ ಹೆಸರು ಉಳಿಯಬಹುದು. ಕೆಲಸಗಾರನಿಗೆ ಇದ್ದ ಕೆಲಸ ಹೋಗಿ ಸಾಲ ಮಾತ್ರ ಉಳಿಯುತ್ತದೆ. ತೆತ್ತ ಶುಲ್ಕವನ್ನು ಹಿಂದಿರುಗಿಸುವುದು, ಬಾಕಿ ಕೂಲಿ ಕೊಡಿಸುವುದು, ದಾಖಲೆಗಳನ್ನು ಮರಳಿಸುವುದು ಮೊದಲು ಆಗಬೇಕು. ಕತಾರಿನಲ್ಲಿ ೨೦೨೨ರ ವಿಶ್ವಕಪ್ ಫುಟ್ಬಾಲ್ ಕಾಮಗಾರಿಗಳ ಗುತ್ತಿಗೆದಾರರು, ಕಾರ್ಮಿಕರು ಊರಿನಲ್ಲಿ ದಲ್ಲಾಳಿಗಳಿಗೆ ತೆತ್ತ ಶುಲ್ಕವನ್ನು ರಸೀತಿ ಕೇಳದೆ ಹಿಂದಿರುಗಿಸುವ ಯೋಜನೆಗೆ ಒಪ್ಪಿದ್ದುಂಟು. ಎಲ್ಲ ಕಾರ್ಮಿಕರನ್ನೂ ಅದು ಮುಟ್ಟಲಿಲ್ಲ. ಆದರೂ ಇಂಥ ಮರುಪಾವತಿ ಅಸಾಧ್ಯವಲ್ಲವೆಂಬುದಕ್ಕೆ ಅದು ನಿದರ್ಶನ. ಜೀತವೇ ಕಂಡುಬಂದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ೧೯೭೬ರ ಕಾಯಿದೆಯು ಬಿಡುಗಡೆಯ ಅಧಿಕಾರವನ್ನು ಜಿಲ್ಲಾಡಳಿತಕ್ಕೂ ಸಲಹೆಯ ಕರ್ತವ್ಯವನ್ನು ಜಾಗೃತಿ ಸಮಿತಿಗಳಿಗೂ ವಹಿಸಿದೆ.

೯

ಇಲ್ಲಿ ಎರಡು ಆಕ್ಷೇಪಣೆಗಳನ್ನು ಪರಿಶೀಲಿ‍ಸುವುದು ಯುಕ್ತ. ದಾಸ್ಯವೆಂಬ ಮಾತನ್ನು ಇಷ್ಟು ವಿಸ್ತಾರವಾಗಿ ಬಳಸಿದರೆ ಅದರ ಕಾವು ಹೋಗುವುದಿಲ್ಲವೇ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಕಷ್ಟದ ಕೆಲಸವೆಲ್ಲವೂ ದಾಸ್ಯವಲ್ಲ. ಹಣದ ಷರತ್ತುಳ್ಳ ಒಪ್ಪಂದವೆಲ್ಲವೂ ಜೀತವಲ್ಲ. ಮೂರು ವರ್ಷಗಳೊಳಗೆ ಕೆಲಸ ಬಿಟ್ಟರೆ ೨ ಲಕ್ಷ ರೂಪಾಯಿ ತೆರಬೇಕೆಂಬ ಬ್ಯಾಂಕ್ ನೌಕರಿಯ ಕರಾರನ್ನು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಹಣ ತೆತ್ತು ಹೊರನಡೆಯುವ ಶಕ್ತಿಯುಳ್ಳ ಅಧಿಕಾರಿಗೂ, ಹೊರನಡೆದರೆ ಮನೆ ಕಳೆದುಕೊಳ್ಳುವ ಕಾವಲುಗಾರನಿಗೂ ಇರುವ ಅಂತರವನ್ನು ಮರೆಯಬಾರದು. ಹನ್ನೊಂದು ಸೂಚನೆಗಳಲ್ಲಿ ಒಂದು ಕಂಡಮಾತ್ರಕ್ಕೆ ದಾಸ್ಯ ಸಿದ್ಧವಾಗುವುದಿಲ್ಲ. ವಿಚಾರಣೆ ಅವಶ್ಯವೆಂಬುದು ಸಿದ್ಧವಾಗುತ್ತದೆ.

ಇಷ್ಟೆಲ್ಲ ಮಾಡಿದರೆ ವೆಚ್ಚ ಏರುವುದೆಂಬುದು ಎರಡನೆಯ ಆಕ್ಷೇಪಣೆ. ಏರುವುದು ನಿಜ. ಆದರೆ ಆ ವೆಚ್ಚ ಈಗಲೂ ಇದೆ. ಅದನ್ನು ಭರಿಸುತ್ತಿರುವವನು ಕೆಲಸಗಾರ. ಮೇಲಿನ ಕಾವಲಿನ ಲೆಕ್ಕದಲ್ಲಿ ಇಬ್ಬರಿಗೆ ಸಲ್ಲಬೇಕಾದ ೨೪೦ ಗಂಟೆಗಳ ಕೂಲಿಯಲ್ಲಿ ೧೬೮ ಗಂಟೆಗಳದನ್ನು ಮಾತ್ರ ಕೊಟ್ಟರೆ, ಉಳಿದ ೭೨ ಗಂಟೆಗಳ ಕೂಲಿಯನ್ನು ಆ ಇಬ್ಬರೇ ಪ್ರತಿವಾರ ತೆರುತ್ತಿದ್ದಾರೆ. ದೊಡ್ಡ ಸಂಸ್ಥೆಯ ಒಟ್ಟು ಖರ್ಚಿನಲ್ಲಿ ಕಾವಲು ಕಸಗುಡಿಕೆಗಳ ಪಾಲು ಅಲ್ಪ. ಆದರೆ ಆ ಇಬ್ಬರ ಬಾಳಿನಲ್ಲಿ ಸಾಲ ತೀರುವುದೋ ಬೆಳೆಯುವುದೋ ಎಂಬುದು ಆ ೭೨ ಗಂಟೆಗಳ ಕೂಲಿಯಿಂದಲೇ ನಿರ್ಧಾರವಾಗಬಹುದು.

೧೦

ನಮ್ಮ ಕಾಲೇಜುಗಳಲ್ಲಿ ಲೆಕ್ಕಪರಿಶೋಧನೆಯನ್ನೂ ಗುತ್ತಿಗೆಯ ಕಾನೂನನ್ನೂ ವೆಚ್ಚಗಣಿತವನ್ನೂ ಬೇರೆ ಬೇರೆ ವಿಷಯಗಳಾಗಿ ಬೋಧಿಸುತ್ತೇವೆ. ಕಾವಲುಗಾರನ ವಾರದ ಲೆಕ್ಕದಲ್ಲಿ ಈ ಮೂರೂ ಸೇರುತ್ತವೆ. ೧೯೮೨ರ ತೀರ್ಪನ್ನು ಕಾನೂನಿನ ತರಗತಿಯಲ್ಲಿ ಮಾತ್ರವಲ್ಲದೆ ವಾಣಿಜ್ಯದ ತರಗತಿಯಲ್ಲಿಯೂ ಓದಿಸಬಹುದು. ಟೆಂಡರಿನ ದರಪಟ್ಟಿಯೊಂದನ್ನು ಮುಂದಿಟ್ಟು, ಈ ದರಕ್ಕೆ ಈ ಕೆಲಸವನ್ನು ನ್ಯಾಯವಾಗಿ ಮಾಡಿಸಲು ಸಾಧ್ಯವೇ ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಬಹುದು. ಅದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ಕಾವಲು ಕಸಗುಡಿಕೆಗಳನ್ನು ಗುತ್ತಿಗೆಗೆ ಕೊಡುವುದುಂಟು. ಆ ಪಟ್ಟಿಯನ್ನೇ ಮೊದಲ ಪಾಠವಾಗಿ ಎತ್ತಿಕೊಳ್ಳುವಂತೆ ಅಧ್ಯಾಪಕ ಮಿತ್ರರಲ್ಲಿ ನಮ್ಮ ಬಿನ್ನಹ.